ಪ್ರಶ್ನೋತ್ತರ: "ನಮ್ಮದು ವಲಯ 3" ಅಂದರೆ ಕಾರ್ಖಾನೆಗೆ ಸಾಕಾ?

ಮುಂಬಯಿ, ಪುಣೆ, ಗೋವಾದಲ್ಲಿರುವ ಕನ್ನಡಿಗರ ನಮ್ಮ ಗುಂಪಿನಲ್ಲಿ ಈ ವಾರ ಉತ್ತರ ಕೊಡುತ್ತಿರುವವರು ನವಿ ಮುಂಬಯಿಯ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್. ಟ್ಯಾಂಕ್, ಪೈಪ್‌ಲೈನ್, ಚಿಮಣಿಗಳ ಭೂಕಂಪ ಸುರಕ್ಷತೆಯೇ ಅವರ ಕೆಲಸ. ಕೇಳಿದವರ ಮತ್ತು ಕಂಪನಿಗಳ ಹೆಸರು ತೆಗೆದಿದ್ದೇವೆ.

ಪ್ರಶ್ನೆ – ತಳೋಜೆ (ನವಿ ಮುಂಬಯಿ ಕಡೆಯ ಕೈಗಾರಿಕಾ ಪ್ರದೇಶ), ಸೇಫ್ಟಿ ಆಫೀಸರ್: ನಮ್ಮದು ಸಾಲ್ವೆಂಟ್ ಶೇಖರಿಸುವ ಮಧ್ಯಮ ಗಾತ್ರದ ಕೆಮಿಕಲ್ ಕಾರ್ಖಾನೆ. ವಿಸ್ತರಣೆ ನಡೆಯುತ್ತಿದೆ. ಹೊರಗಿನಿಂದ ಬಂದ ಆಡಿಟರ್ "ಈ ಜಾಗಕ್ಕೇ ಮಾಡಿದ ಭೂಕಂಪ ಅಧ್ಯಯನ ಎಲ್ಲಿ?" ಎಂದು ಕೇಳಿದರು. ಮ್ಯಾನೇಜ್‌ಮೆಂಟ್ ಹೇಳುವುದು, "ಮುಂಬಯಿ ವಲಯ 3. ಕೋಡ್ ಪ್ರಕಾರ ಕಟ್ಟಿದ್ದೇವೆ. ಇದೇನು ಜಪಾನಾ?" ಯಾರ ಮಾತು ಸರಿ?

ಉತ್ತರ: ಆಡಿಟರ್ ಮಾತು ಸರಿ.

ಭೂಕಂಪ ತಾಳುವಂತೆ ಕಟ್ಟಲು ಇರುವ ಭಾರತೀಯ ಮಾನದಂಡ ಐಎಸ್ 1893 ಕೋಡ್‌ನ 2002 ಮತ್ತು 2016ರ ಆವೃತ್ತಿಗಳಲ್ಲಿ ಭೂಕಂಪದ ಅಪಾಯ ನೋಡಿ ದೇಶಕ್ಕೆ ನಾಲ್ಕು ವಲಯ, ಕಡಿಮೆ ಅಪಾಯದ 2ರಿಂದ ಹೆಚ್ಚು ಅಪಾಯದ 5ರ ತನಕ. ಮುಂಬಯಿ, ಪುಣೆ, ಗೋವಾ ಮೂರೂ ವಲಯ 3ರಲ್ಲಿವೆ. ಈ ವಲಯದ ಅಂಕಿ 0.16. ದೊಡ್ಡ ಭೂಕಂಪ ಬಂದರೆ ನೆಲ ಅಲುಗುವ ಜೋರು ಗುರುತ್ವದ 16% ಇರಬಹುದು ಎಂಬ ಅಂದಾಜು ಅದು. ಮಾಮೂಲಿ ಕಟ್ಟಡದ ಲೆಕ್ಕದಲ್ಲಿ ಇದನ್ನು ಅರ್ಧ ಮಾಡುತ್ತಾರೆ. ಕಟ್ಟಡ ಬಾಗಿ, ಬಿರುಕು ಬಿಟ್ಟು ಶಕ್ತಿ ಹೀರಿಕೊಳ್ಳುತ್ತದೆ ಎಂದು ಆಮೇಲೆ ಮತ್ತೆ ಭಾಗಿಸುತ್ತಾರೆ. ಮನೆಗೆ ಇದು ಒಳ್ಳೆಯ ಲೆಕ್ಕವೇ. ಗೋಡೆ ಬಿರುಕು ಬಿಟ್ಟರೂ ಪರವಾಗಿಲ್ಲ, ಚಾವಣಿ ಬೀಳಬಾರದು, ಒಳಗಿನವರು ಬದುಕಿ ಹೊರಗೆ ಬರಬೇಕು. ಕೋಡ್ ಕೇಳುವುದು ಅಷ್ಟನ್ನೇ.

ಆದರೆ ಸಾಲ್ವೆಂಟ್ ಟ್ಯಾಂಕ್ ಬಿರುಕು ಬಿಟ್ಟರೆ ಪರವಾಗಿಲ್ಲ ಅನ್ನಲು ಆಗುತ್ತದಾ? ಮನೆಗೆ ಅದು ರಿಪೇರಿ. ನಿಮಗೆ ಅದು ಸೋರಿಕೆ, ಬೆಂಕಿ, ಪಕ್ಕದ ಪ್ಲಾಂಟಿಗೂ ಅಪಾಯ. ಅದಕ್ಕೇ ಕೈಗಾರಿಕಾ ರಚನೆಗಳಿಗೆ ಇದೇ ಕೋಡ್‌ನ 4ನೇ ಭಾಗ ಬೇರೆ ಇದೆ. ಬಿದ್ದರೆ ಎಷ್ಟು ಹಾನಿ ಎಂಬುದರ ಮೇಲೆ ಅದರಲ್ಲಿ ರಚನೆಗಳನ್ನು ವಿಂಗಡಿಸಿದ್ದಾರೆ. ನಿಮ್ಮ ಕನ್ಸಲ್ಟೆಂಟ್ 4ನೇ ಭಾಗ ಬಳಸಿದರಾ, ಇಲ್ಲಾ ಆಫೀಸ್ ಕಟ್ಟಡದ ಲೆಕ್ಕವನ್ನೇ ಟ್ಯಾಂಕಿಗೂ ಹಾಕಿದರಾ? ಮೊದಲು ಇದನ್ನು ಕೇಳಿ.

ಜಪಾನ್ ಮಾತಿಗೆ ಬರೋಣ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಪಶ್ಚಿಮ ಮಹಾರಾಷ್ಟ್ರದ ಕೊಯ್ನಾದಲ್ಲಿ 6.3ರ ಭೂಕಂಪ ಆಯಿತು. ದಖ್ಖನ್ ಪ್ರಸ್ಥಭೂಮಿ ಅಲುಗುವುದಿಲ್ಲ ಎಂದೇ ಆಗ ನಂಬಿಕೆ. ಕೊಯ್ನಾ ಅಣೆಕಟ್ಟಿಗೆ ಹಾಕಿದ್ದ ಭೂಕಂಪದ ಗುಣಾಂಕ ಗುರುತ್ವದ 0.05 ಮಾತ್ರ. ಅಣೆಕಟ್ಟಿನ ಒಳಗಿದ್ದ ಉಪಕರಣ ಆ ದಿನ ದಾಖಲಿಸಿದ್ದು 0.63. ಎರಡು ಅಂಕಿಗಳನ್ನು ಅಳೆಯುವ ಬಗೆ ಬೇರೆ, ನೇರ ಹೋಲಿಸಬಾರದು, ನಿಜ. ಆದರೂ ಅಂತರ ನೋಡಿ. ಅಣೆಕಟ್ಟು ನಿಂತಿತು, ಬಿರುಕು ಬಿಟ್ಟಿತು. ಮುಂಬಯಿಗೆ ಬರುತ್ತಿದ್ದ ವಿದ್ಯುತ್ ಕಡಿದುಹೋಯಿತು. ಇನ್ನು 1993ರ ಸೆಪ್ಟೆಂಬರ್ 30, ಲಾತೂರಿನ ಕಿಲಾರಿ. ಹತ್ತಿರ ಹತ್ತಿರ 10,000 ಜನ ಸತ್ತರು. ಆ ಊರು ಆಗಿನ ನಕ್ಷೆಯಲ್ಲಿ ವಲಯ 1, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ತೆಗೆದು 2ರೊಳಗೆ ಸೇರಿಸಿದರು. ನಕ್ಷೆ ಬದಲಾಗಿದ್ದು ಜನ ಸತ್ತ ಮೇಲೆ. ನಿಮ್ಮ ಮೀಟಿಂಗಿನಲ್ಲಿ ಇದನ್ನು ಹೇಳಲೇಬೇಕು.

ಪ್ರಶ್ನೆ – ಅದೇ ಸದಸ್ಯರು: ಹಾಗಾದರೆ ಸೈಟ್ ಅಧ್ಯಯನದಲ್ಲಿ ನಿಜವಾಗಿ ಏನು ಮಾಡುತ್ತಾರೆ? ಸುಮ್ನೆ ದಪ್ಪ ರಿಪೋರ್ಟ್ ಕೊಟ್ಟು ಹೋದರೆ ನಮಗೆ ಗೊತ್ತಾಗುವುದು ಹೇಗೆ?

ಉತ್ತರ: ಒಳ್ಳೆ ಪ್ರಶ್ನೆ. ದಪ್ಪ ರಿಪೋರ್ಟ್‌ಗಳು ಬೇಕಾದಷ್ಟು ಬರುತ್ತವೆ.

ಮೊದಲ ಕೆಲಸ, ಅಲುಗಾಟ ಎಲ್ಲಿಂದ ಬರಬಹುದು ಎಂದು ಹುಡುಕುವುದು. ಸಾಮಾನ್ಯವಾಗಿ ಸೈಟ್ ಸುತ್ತ 300 ಕಿಲೋಮೀಟರ್ ವೃತ್ತ ಎಳೆದು, ಅದರೊಳಗೆ ಭೂಮಿಯ ಕಲ್ಲಿನಲ್ಲಿರುವ ಬಿರುಕುಗಳು ಮತ್ತು ಹಳೆಯ ಭೂಕಂಪಗಳನ್ನು ಪಟ್ಟಿ ಮಾಡುತ್ತಾರೆ. ತಳೋಜೆಯಿಂದ ಕೊಯ್ನಾ ನೇರ ದೂರದಲ್ಲಿ ಸುಮಾರು 200 ಕಿ.ಮೀ. ಅಲ್ಲಿ ಜಲಾಶಯ ತುಂಬಿದ ಮೇಲೆ ಶುರುವಾದ ಕಂಪನ ಇವತ್ತಿಗೂ ನಿಂತಿಲ್ಲ. ಉತ್ತರಕ್ಕೆ ಪಾಲ್ಘರ್ ಇದೆ. 2018ರ ನವೆಂಬರ್‌ನಿಂದ ಡಹಾಣು, ತಲಾಸರಿ ಕಡೆ ಸಣ್ಣ ಕಂಪನಗಳ ಸಾಲು ಕಾಣಿಸಿಕೊಂಡಿತು. ಬೋಯಿಸರ್‌ನಲ್ಲಿ ಕೆಲಸ ಮಾಡುವ ನಮ್ಮವರಿಗೆ ಚೆನ್ನಾಗಿ ನೆನಪಿರುತ್ತದೆ.

ಹಳೆಯ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬಾರದು. 1618ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಭೂಕಂಪವಾಗಿ 2,000 ಜನ ಸತ್ತರು ಎಂದು ಹಲವು ಪಟ್ಟಿಗಳಲ್ಲಿದೆ. ಅದು ಚಂಡಮಾರುತ ಆಗಿರಬೇಕು ಎಂಬುದು ಈಗಿನ ಹಲವು ಸಂಶೋಧಕರ ಅಭಿಪ್ರಾಯ. ಅದನ್ನು ಭೂಕಂಪ ಎಂದು ಸೇರಿಸಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು ಉತ್ತರ. ರಿಪೋರ್ಟ್ ಬರೆದವರು ಇದನ್ನು ಹೇಗೆ ತೀರ್ಮಾನಿಸಿದರು ಎಂದು ಕೇಳಿ. ಉತ್ತರ ತಡವರಿಸಿದರೆ ಪಟ್ಟಿಯನ್ನು ಎಲ್ಲಿಂದಲೋ ನಕಲು ಮಾಡಿದ್ದಾರೆ ಎಂದೇ ಲೆಕ್ಕ.

ಎರಡನೆಯದು, ಎಷ್ಟು ದೊಡ್ಡದು ಎಷ್ಟು ವರ್ಷಕ್ಕೊಮ್ಮೆ ಬರಬಹುದು, ಅಷ್ಟು ದೂರದಿಂದ ನಿಮ್ಮ ಜಾಗಕ್ಕೆ ಎಷ್ಟು ಜೋರಾಗಿ ತಲುಪುತ್ತದೆ ಎಂಬ ಲೆಕ್ಕ. ಇಲ್ಲಿ ಎರಡು ದಾರಿ. ಒಂದರಲ್ಲಿ ಹತ್ತಿರದ ಅತಿ ಕೆಟ್ಟ ಭೂಕಂಪ ಒಂದನ್ನು ಹಿಡಿದು ಲೆಕ್ಕ ಹಾಕುತ್ತಾರೆ. ಇನ್ನೊಂದರಲ್ಲಿ ಎಲ್ಲ ಮೂಲಗಳ ಸಂಭವನೀಯತೆ ಕೂಡಿಸುತ್ತಾರೆ. "475 ವರ್ಷದ ಭೂಕಂಪ" ಎಂಬ ಮಾತು ಎರಡನೆಯದರಿಂದ ಬಂದದ್ದು. 475 ವರ್ಷ ಆರಾಮಾಗಿ ಇರಬಹುದು ಎಂದು ಓದಿಕೊಳ್ಳುವವರು ಇದ್ದಾರೆ. ಅದರ ಅರ್ಥ ಬೇರೆ: ಅಷ್ಟು ಜೋರಿನ ಅಲುಗಾಟ, ಅಥವಾ ಅದಕ್ಕಿಂತ ಜಾಸ್ತಿ, 50 ವರ್ಷದಲ್ಲಿ ಬರುವ ಸಾಧ್ಯತೆ 10%. ನಿಮ್ಮ ಪ್ಲಾಂಟ್ 30 ವರ್ಷ ನಡೆದರೆ ಸುಮಾರು 6%. ವಿಷಾನಿಲ ಇಟ್ಟುಕೊಂಡವರಿಗೆ 6% ಸಣ್ಣ ಅಂಕಿಯಲ್ಲ. ಅಂಥ ಕಡೆ 2,475 ವರ್ಷದ ಲೆಕ್ಕವನ್ನೂ ಕೇಳಿ. ಆಗ 30 ವರ್ಷದಲ್ಲಿ ಸಾಧ್ಯತೆ ಸುಮಾರು 1.2%ಕ್ಕೆ ಇಳಿಯುತ್ತದೆ.

ಮೂರನೆಯದು ನಿಮ್ಮ ಕಾಲಡಿಯ ಮಣ್ಣು. ನನ್ನ ಪ್ರಕಾರ ತಳೋಜೆಯಲ್ಲಿ ಜಾಸ್ತಿ ಹಣ ಇದಕ್ಕೇ ಹೋಗಬೇಕು.

ನಡುವೆ ಒಂದು ಮಾತು – ಪುಣೆಯ ಸದಸ್ಯರು: ಸರ್, ಮಹಾರಾಷ್ಟ್ರ ಪೂರ್ತಿ ಕರಿಗಲ್ಲು ಅಲ್ವಾ? ಬಸಾಲ್ಟ್ ಮೇಲೆ ಕೂತವರಿಗೆ ಇಷ್ಟೊಂದು ಭಯ ಯಾಕೆ?

ಉತ್ತರ: ಕರಿಗಲ್ಲಿನ ಮೇಲೆ ನೇರವಾಗಿ ಕೂತಿದ್ದರೆ ಒಳ್ಳೆಯದೇ. ಅಲ್ಲಿ ಅಲುಗಾಟ ಉಬ್ಬುವುದಿಲ್ಲ. ಪುಣೆಯ ಎಷ್ಟೋ ಕಡೆ ನಾಲ್ಕಾರು ಅಡಿ ಅಗೆದರೆ ಕಲ್ಲು ಸಿಗುತ್ತದೆ. ಅದು ನಿಮ್ಮ ಭಾಗ್ಯ.

ಆದರೆ ಬಸಾಲ್ಟ್ ಇದ್ದ ಮಾತ್ರಕ್ಕೆ ಭೂಕಂಪ ಹುಟ್ಟುವುದಿಲ್ಲ ಎಂದಲ್ಲ. ಕೊಯ್ನಾದಲ್ಲಿ ಬಸಾಲ್ಟ್ ದಪ್ಪ ಸುಮಾರು ಒಂದು ಕಿಲೋಮೀಟರ್. ಭೂಕಂಪಗಳು ಹುಟ್ಟುವುದು ಅದರ ಕೆಳಗಿನ ಗ್ರಾನೈಟ್‌ನಲ್ಲಿ. ಅದನ್ನು ಅರಿಯಲೆಂದೇ ಆ ಭಾಗದಲ್ಲಿ 3 ಕಿಲೋಮೀಟರ್ ಆಳದ ಬೋರ್ ಕೊರೆದಿದ್ದಾರೆ, ಕರಾಡಿನಲ್ಲಿ ಅದಕ್ಕಾಗಿ ಕೇಂದ್ರವೇ ಇದೆ.

ಇನ್ನು ಮುಂಬಯಿ ಕಡೆ ಬನ್ನಿ. ಥಾಣೆ ಖಾಡಿ (ಸಮುದ್ರ ಒಳಚಾಚಿದ ಹಿನ್ನೀರು), ಉರಣ್, ನ್ಹಾವಾ ಶೇವಾ, ಟ್ರಾಂಬೆಯ ಅಂಚು, ತಳೋಜೆಯ ತಗ್ಗು ಭಾಗ. ಇಲ್ಲೆಲ್ಲ ಕಲ್ಲಿನ ಮೇಲೆ ಮೆತ್ತನೆಯ ಸಮುದ್ರದ ಕೆಸರು ಮಣ್ಣು ಸಿಗುತ್ತದೆ. ಅದರ ಮೇಲೆ ತುಂಬಿಸಿದ ಮಣ್ಣು. ಕೆಳಗಿನ ಕಲ್ಲಿನ ಅಲುಗಾಟವನ್ನು ಈ ಕೆಸರು ಹಿಗ್ಗಿಸುತ್ತದೆ, ನಿಧಾನವಾಗಿ ತೂಗುವ ಅಲೆಗಳನ್ನಂತೂ ಇನ್ನೂ ಜಾಸ್ತಿ. ತುಂಬಿಸಿದ್ದು ಸಡಿಲ ಮರಳಾಗಿದ್ದರೆ, ನೀರಿನ ಮಟ್ಟ ಮೇಲಿದ್ದರೆ, ನೆಲವೇ ದ್ರವದಂತೆ ಕುಸಿಯಬಹುದು. 2001ರ ಜನವರಿ 26ರ ಭುಜ್ ಭೂಕಂಪ ನೆನಪಿದೆಯಲ್ಲ? 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಬಿದ್ದವು. ಕಟ್ಟಿದ ರೀತಿಯದ್ದೂ ತಪ್ಪಿತ್ತು, ಸಾಬರಮತಿಯ ಮೆಕ್ಕಲು ಮಣ್ಣಿನ ಪಾಲೂ ಇತ್ತು.

ಒಂದೇ ಎಸ್ಟೇಟಿನಲ್ಲಿ ಗುಡ್ಡದ ಕಡೆಯ ಪ್ಲಾಟಿಗೂ ಖಾಡಿ ಕಡೆಯ ಪ್ಲಾಟಿಗೂ ಅಜಗಜಾಂತರ. ನಕ್ಷೆಗೆ ಎರಡೂ ವಲಯ 3. ಪಕ್ಕದ ಕಂಪನಿಯ ಮಣ್ಣು ಪರೀಕ್ಷೆ ತಂದು ನಿಮ್ಮ ಫೈಲಿಗೆ ಹಾಕಿಕೊಳ್ಳಬೇಡಿ. ನಿಮ್ಮ ಜಾಗದಲ್ಲೇ ಬೋರ್ ಹಾಕಿಸಿ, ಮೇಲಿನ 30 ಮೀಟರಿನಲ್ಲಿ ಅಡ್ಡ ಅಲೆಯ (ಷಿಯರ್ ವೇವ್) ವೇಗ ಅಳೆಸಿ; ಮಣ್ಣು ಮೆತ್ತಗಿದ್ದಷ್ಟೂ ಆ ವೇಗ ಕಡಿಮೆ.

ಪ್ರಶ್ನೆ – ಕುರ್ಕುಂಭ್ (ಪುಣೆ ಜಿಲ್ಲೆ), ಮೆಂಟೆನೆನ್ಸ್ ಇಂಜಿನಿಯರ್: ನಮ್ಮ ಪ್ಲಾಂಟ್ ಹಳೆಯದು. ಹೊಸ ಅಧ್ಯಯನಕ್ಕೆ ಈ ವರ್ಷ ಹಣ ಸಿಗುವುದಿಲ್ಲ ಎಂದಿದ್ದಾರೆ. ಅಲ್ಲಿವರೆಗೆ ಕೈಕಟ್ಟಿ ಕೂರಬೇಕಾ? ಮೊದಲು ಮುರಿಯುವುದು ಯಾವುದು?

ಉತ್ತರ: ಕೂರಬೇಡಿ. ಇವತ್ತೇ ಶುರು ಮಾಡುವ ಕೆಲಸ ತುಂಬಾ ಇದೆ.

1999ರ ಆಗಸ್ಟ್ 17ರಂದು ಟರ್ಕಿಯ ಇಜ್ಮಿತ್ ಭೂಕಂಪದಲ್ಲಿ ದೊಡ್ಡ ರಿಫೈನರಿಯೊಂದರಲ್ಲಿ 100 ಮೀಟರಿಗೂ ಎತ್ತರದ ಕಾಂಕ್ರೀಟ್ ಚಿಮಣಿ ಮುರಿದು ಕ್ರೂಡ್ ಘಟಕದ ಮೇಲೆ ಬಿತ್ತು. ಬೆಂಕಿ ಹೊತ್ತಿತು. ಇನ್ನೊಂದು ಕಡೆ ನಾಫ್ತಾ ಟ್ಯಾಂಕ್‌ಗಳಿಗೂ ಬೆಂಕಿ. ಆರಿಸೋಣ ಅಂದರೆ ದೂರದ ಸಪಾಂಜಾ ಸರೋವರದಿಂದ ನೀರು ತರುವ ಪೈಪ್ ಕೂಡ ಒಡೆದಿತ್ತು. ವಿದ್ಯುತ್ತೂ ಇಲ್ಲ. ಬೆಂಕಿ ದಿನಗಟ್ಟಲೆ ಉರಿಯಿತು. ಅದೇ ಭೂಕಂಪದಲ್ಲಿ ಯಲೋವಾ ಹತ್ತಿರದ ಅಕ್ರಿಲಿಕ್ ನಾರಿನ ಕಾರ್ಖಾನೆಯಿಂದ ಸುಮಾರು 6,500 ಟನ್ ಅಕ್ರಿಲೋನೈಟ್ರೈಲ್ ಎಂಬ ವಿಷಕಾರಿ ರಾಸಾಯನಿಕ ಸೋರಿತು. ಭುಜ್ ಭೂಕಂಪದಲ್ಲಿ ನಮ್ಮ ಗುಜರಾತಿನ ಕಾಂಡ್ಲಾ ಬಂದರಿನಲ್ಲೂ ಇದೇ ರಾಸಾಯನಿಕ ಸೋರಿತ್ತು. ಅಂದರೆ ಭೂಕಂಪದ ದಿನ ನಿಮ್ಮ ಮಾಮೂಲಿ ಆಸರೆಗಳು, ಕರೆಂಟ್, ನೀರು, ಫೋನ್, ಅಗ್ನಿಶಾಮಕ ದಳ, ಎಲ್ಲವೂ ಒಟ್ಟಿಗೆ ಕೈಕೊಡಬಹುದು. ಆನ್‌ಸೈಟ್ ತುರ್ತು ಯೋಜನೆಯನ್ನು ಆ ಕಣ್ಣಿನಿಂದ ಮತ್ತೆ ಓದಿ.

ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಮತ್ತು ಪ್ಲಾಂಟ್ ಗೊತ್ತಿರುವ ಹಳೆಯ ಆಪರೇಟರ್ ಒಬ್ಬರನ್ನು ಜೊತೆ ಮಾಡಿ ಇಡೀ ಜಾಗ ನಡೆದು ನೋಡಿ. ಆಪರೇಟರ್ ಇರಲೇಬೇಕು. ಯಾವ ವಾಲ್ವ್ ಸಿಕ್ಕಿಕೊಳ್ಳುತ್ತದೆ, ಯಾವ ಬೋಲ್ಟ್ ತೆಗೆದವರು ಮತ್ತೆ ಹಾಕಿಲ್ಲ ಎಂಬುದು ಅವರಿಗೇ ಗೊತ್ತು. ನೋಡಬೇಕಾದ್ದು ಜಾಯಿಂಟ್‌ಗಳು. ಟ್ಯಾಂಕ್ ಒಂದು ಅಡಿಪಾಯದ ಮೇಲೆ, ಪೈಪ್ ಇನ್ನೊಂದರ ಮೇಲೆ, ನಡುವೆ ಬಾಗುವ ಅವಕಾಶವೇ ಇಲ್ಲದಿದ್ದರೆ ನಳಿಕೆ ಕಿತ್ತುಬರುತ್ತದೆ. 2007ರ ಜುಲೈನಲ್ಲಿ ಜಪಾನಿನ ಕಾಶಿವಾಝಾಕಿ-ಕರಿವಾ ಅಣುಸ್ಥಾವರದಲ್ಲಿ ರಿಯಾಕ್ಟರ್‌ಗಳು ಸುರಕ್ಷಿತವಾಗಿ ನಿಂತವು, ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಬಿತ್ತು. ಟ್ರಾನ್ಸ್‌ಫಾರ್ಮರ್ ಮತ್ತು ಅದಕ್ಕೆ ಕೂಡುವ ಭಾಗದ ಅಡಿಪಾಯಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಸಿದಿದ್ದವು. ತುಕ್ಕು ಹಿಡಿದ ಆಂಕರ್ ಬೋಲ್ಟ್, ಗೋಡೆಗೆ ಬಿಗಿಯದ ಬ್ಯಾಟರಿ ರ್‍ಯಾಕ್, ಸರಪಳಿ ಇಲ್ಲದ ಕ್ಲೋರಿನ್ ಸಿಲಿಂಡರ್, ಕಂಟ್ರೋಲ್ ರೂಮಿನ ಮೇಲೆ ಬೀಳುವಂತಿರುವ ಇಟ್ಟಿಗೆ ಗೋಡೆ. ಇವನ್ನು ಸರಿಮಾಡಲು ದೊಡ್ಡ ಬಜೆಟ್ ಬೇಡ. ಶಟ್‌ಡೌನ್ ಸಮಯದಲ್ಲಿ ಮುಗಿಯುತ್ತದೆ.

ಪ್ರಶ್ನೆ – ವಾಸ್ಕೋ: ಬಂದರಿನ ಹತ್ತಿರ ತೈಲ ಟ್ಯಾಂಕ್‌ಗಳ ಕೆಲಸ ನಮ್ಮದು. ಗೋವಾದಿಂದ ಕೊಯ್ನಾ ದೂರ. ನಮಗೂ ಅನ್ವಯಿಸುತ್ತದಾ?

ಉತ್ತರ: ದೊಡ್ಡ ಟ್ಯಾಂಕ್‌ಗೆ ದೂರ ಅನ್ನುವುದು ಪೂರ್ತಿ ರಕ್ಷಣೆ ಕೊಡುವುದಿಲ್ಲ. ತಲೆಯ ಮೇಲೆ ಕೊಡ ಹೊತ್ತವರ ಹೆಜ್ಜೆಯ ತಾಳ ನೀರಿನ ತಾಳಕ್ಕೆ ಕೂಡಿದರೆ ನೀರು ತುಳುಕುತ್ತದೆ. ಟ್ಯಾಂಕಿನಲ್ಲೂ ಹಾಗೆಯೇ. 40 ಮೀಟರ್ ಅಗಲದ ಟ್ಯಾಂಕಿನಲ್ಲಿ 12 ಮೀಟರ್ ತೈಲ ಇದ್ದರೆ, ಒಂದು ಸಲ ತೂಗಲು ಅದಕ್ಕೆ ಸುಮಾರು 7 ಸೆಕೆಂಡ್ ಬೇಕು. ಇಂಥ ನಿಧಾನದ ಅಲೆಗಳು ಬಹಳ ದೊಡ್ಡ ಭೂಕಂಪಗಳಿಂದ ಹುಟ್ಟಿ ತುಂಬಾ ದೂರ ಹೋಗುತ್ತವೆ. 2003ರ ಸೆಪ್ಟೆಂಬರ್‌ನಲ್ಲಿ ಜಪಾನಿನ ತೊಕಾಚಿ ಕರಾವಳಿಯಾಚೆ ಭೂಕಂಪ ಆದಾಗ 200 ಕಿಲೋಮೀಟರಿಗೂ ದೂರದ ತೊಮಾಕೊಮಾಯಿಯಲ್ಲಿ ತೇಲು ಚಾವಣಿಯ (ತೈಲದ ಮೇಲೆಯೇ ತೇಲುವ ಮುಚ್ಚಳದ) ಟ್ಯಾಂಕ್‌ಗಳು ಹೊತ್ತಿ ಉರಿದವು.

ಅದಕ್ಕೇ 300 ಕಿಲೋಮೀಟರ್ ವೃತ್ತವನ್ನು ನಾನು ಗೆರೆ ಎಂದು ಒಪ್ಪುವುದಿಲ್ಲ. ದೊಡ್ಡ ಟ್ಯಾಂಕ್ ಇದ್ದರೆ ಕಛ್, ಮಕ್ರಾನ್‌ನಂಥ ದೂರದ ಮೂಲಗಳನ್ನೂ ಸೇರಿಸಿ ನೋಡಬೇಕು. ಮಕ್ರಾನ್ (ಪಾಕಿಸ್ತಾನ-ಇರಾನ್ ಕರಾವಳಿ) ಮಾತು ಬಂದಿತಲ್ಲ, 1945ರ ನವೆಂಬರ್ 28ರ ಭೂಕಂಪದ ಸುನಾಮಿ ಮುಂಬಯಿ ತನಕ ಬಂದು ಜೀವ ತೆಗೆದಿತ್ತು. ಜೆಟ್ಟಿ ಮತ್ತು ಲೋಡಿಂಗ್ ಲೈನ್ ಇರುವವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸದ್ಯಕ್ಕೆ ತೈಲದ ಮಟ್ಟದ ಮೇಲೆ ಎಷ್ಟು ಜಾಗ ಖಾಲಿ ಬಿಟ್ಟಿದ್ದೀರಿ ಎಂದು ನೋಡಿ. ಅಂಚಿನ ತನಕ ತುಂಬಿಸುವ ಅಭ್ಯಾಸ ಇದ್ದರೆ ನಿಲ್ಲಿಸಿ.

ಪ್ರಶ್ನೆ – ಥಾಣೆ: ಮೊಬೈಲ್ ಆ್ಯಪ್‌ನಲ್ಲಿ ಭೂಕಂಪ ಮೊದಲೇ ಗೊತ್ತಾಗುತ್ತದೆ ಅನ್ನುತ್ತಾರೆ, ಹೌದಾ?

ಉತ್ತರ: ದಿನ, ಗಂಟೆ ಹೇಳುವ ವಿದ್ಯೆ ಯಾರಲ್ಲೂ ಇಲ್ಲ. ಭೂಕಂಪ ಶುರುವಾದ ಮೇಲೆ, ಅಲುಗಾಟ ನಿಮ್ಮ ತನಕ ತಲುಪುವ ಕೆಲವು ಸೆಕೆಂಡ್ ಮುಂಚೆ ಎಚ್ಚರಿಕೆ ಕೊಡಬಹುದು, ಅಷ್ಟೇ. ಪ್ಲಾಂಟಿಗೆ ಅದಕ್ಕಿಂತ ಉಪಯೋಗ ಅಲುಗಾಟ ಗುರುತಿಸಿ ತಾನಾಗಿ ಗ್ಯಾಸ್ ಲೈನ್ ಮುಚ್ಚುವ ಸ್ವಿಚ್.

ಪ್ರಶ್ನೆ – ಡೊಂಬಿವಲಿ, ಗೃಹಿಣಿ: ನಾನು ಇಂಜಿನಿಯರ್ ಅಲ್ಲ. ಕಾರ್ಖಾನೆಗಳ ಪಕ್ಕದಲ್ಲೇ ನಮ್ಮ ಸೊಸೈಟಿ. 2016ರಲ್ಲಿ, 2024ರಲ್ಲಿ ಸ್ಫೋಟ ಆದಾಗ ಕಿಟಕಿ ಗಾಜು ಪುಡಿಯಾಗಿತ್ತು. ಭೂಕಂಪದಲ್ಲಿ ಏನು ಗತಿ ಎಂದು ನಮ್ಮಂಥವರು ಯಾರನ್ನು ಕೇಳಬೇಕು?

ಉತ್ತರ: ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳ ಪ್ರಕಾರ, ನಿಗದಿತ ಪ್ರಮಾಣಕ್ಕಿಂತ ಜಾಸ್ತಿ ಇಟ್ಟುಕೊಂಡ ಕಾರ್ಖಾನೆ ತುರ್ತು ಯೋಜನೆ ಮಾಡಬೇಕು. ದೊಡ್ಡ ಅಪಘಾತ ಆದರೆ ಏನು ಮಾಡಬೇಕು ಎಂದು ಸುತ್ತಲಿನ ಜನರಿಗೆ ತಿಳಿಸಲೂ ಬೇಕು. 2025ರ ನವೆಂಬರ್ ತನಕ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ 41ಬಿ ಕಲಮೂ ಮಾಹಿತಿ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತ್ತು. ಸೊಸೈಟಿಯ ಲೆಟರ್‌ಹೆಡ್‌ನಲ್ಲಿ ರಾಜ್ಯದ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯಕ್ಕೆ ಬರೆಯಿರಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ. ಮೂರು ಪ್ರಶ್ನೆ ಸಾಕು. ನಮ್ಮ ಪಕ್ಕ ಏನು ಶೇಖರಿಸಿದ್ದಾರೆ? ಅವರ ತುರ್ತು ಯೋಜನೆಯಲ್ಲಿ ಭೂಕಂಪ ಇದೆಯಾ? ಸೋರಿದರೆ ನಾವು ಒಳಗೆ ಇರಬೇಕಾ, ಹೊರಗೆ ಓಡಬೇಕಾ? ಭೂಕಂಪದಲ್ಲಿ ಮನಸ್ಸು ಹೊರಗೆ ಓಡು ಅನ್ನುತ್ತದೆ, ವಿಷಾನಿಲ ಬಂದರೆ ಕಿಟಕಿ ಮುಚ್ಚಿ ಒಳಗಿರಿ ಅನ್ನುತ್ತಾರೆ. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ ಜನರಿಗೆ ಹೇಳಬೇಕಾದವರು ಅವರು. ಮರಾಠಿಯಲ್ಲಿ ಪತ್ರ ಬರೆಯಲು ಸಹಾಯ ಬೇಕಾದರೆ ಈ ಗುಂಪಿನಲ್ಲೇ ಮಾಡೋಣ.

ಮತ್ತೆ ತಳೋಜೆಯವರು: ಧನ್ಯವಾದ ಸರ್. ನಾಡಿದ್ದು ಮೀಟಿಂಗ್ ಇದೆ. ಅಧ್ಯಯನಕ್ಕೆ ಟೆಂಡರ್ ಕರೆಯುವಾಗ ಏನು ಬರೆಯಲಿ?

ಉತ್ತರ: ನಮ್ಮ ಜಾಗದ ಬೋರ್ ವಿವರ ಬೇಕು ಎಂದು ಬರೆಯಿರಿ. 475 ಮತ್ತು 2,475 ವರ್ಷದ ಎರಡೂ ಅಂಕಿ ಕೇಳಿ. ಟ್ಯಾಂಕ್‌ಗಳಿಗಾಗಿ ನಿಧಾನದ ಅಲೆಗಳ ಲೆಕ್ಕ ಪ್ರತ್ಯೇಕ ಇರಲಿ. ಯಾವ ಹಳೆಯ ಭೂಕಂಪವನ್ನು ಸೇರಿಸಿದರು, ಯಾವುದನ್ನು ಬಿಟ್ಟರು, ಯಾಕೆ ಎಂಬುದು ಬರಹದಲ್ಲಿರಬೇಕು. ರಿಪೋರ್ಟನ್ನು ಬರೆದವರಲ್ಲದ ಇನ್ನೊಬ್ಬರಿಂದ ಪರಿಶೀಲಿಸಿ ಎಂಬ ಷರತ್ತೂ ಹಾಕಿ. ಕರಡು ತಯಾರಾದರೆ ಕಂಪನಿಯ ಹೆಸರು ಅಳಿಸಿ ಇಲ್ಲಿ ಹಾಕಿ, ಇವತ್ತು ರಾತ್ರಿಯೇ ನೋಡಿ ಹೇಳುತ್ತೇನೆ.