ಬೇಸಿಗೆ ಶಿಬಿರದಲ್ಲಿ ಛಾಯಾಗ್ರಹಣ, ಮನಃಶಾಸ್ತ್ರ: ಕಲಿಸಿದವರ ಅನುಭವ ಬೇಕಿದೆ

ಪ್ರಶ್ನೆ (ಸಾಗರದಿಂದ)

ಎಲ್ಲರಿಗೂ ನಮಸ್ಕಾರ. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ಫೋಟೋ ತೆಗೆಯುವುದು ಕಾಲೇಜಿನ ದಿನಗಳಿಂದ ಬಂದ ಹವ್ಯಾಸ. ಈ ಏಪ್ರಿಲ್‌ನಲ್ಲಿ ನಮ್ಮೂರಿನ ಶಾಲೆಯೊಂದರಲ್ಲಿ 13ರಿಂದ 16 ವರ್ಷದ ಇಪ್ಪತ್ತು ಮಕ್ಕಳಿಗೆ ಹತ್ತು ದಿನದ ಶಿಬಿರ ನಡೆಸಿಕೊಡಲು ಒಪ್ಪಿಕೊಂಡಿದ್ದೇನೆ. ಬೆಳಿಗ್ಗೆ ಛಾಯಾಗ್ರಹಣ, ಮಧ್ಯಾಹ್ನ ಮನಃಶಾಸ್ತ್ರ ಎಂದು ವೇಳಾಪಟ್ಟಿ ಹಾಕಿಕೊಂಡಿದ್ದೇನೆ. ಕ್ಯಾಮೆರಾ ಇರುವುದು ಒಂದೇ. ಕೆಲವು ಮಕ್ಕಳು ಮನೆಯವರ ಮೊಬೈಲ್ ತರಬಹುದು, ಎಲ್ಲರೂ ಅಲ್ಲ. ಈ ವಯಸ್ಸಿನವರಿಗೆ ಕಲಿಸಿದ ಅನುಭವ ನನಗಿಲ್ಲ. ಏನು ಮಾಡಬೇಕು, ಏನು ಮಾಡಬಾರದು ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರು, ಚಿತ್ರಕಲಾ ಶಿಕ್ಷಕ)

ಮೊದಲು ಆ ವೇಳಾಪಟ್ಟಿ ಬದಲಾಯಿಸಿ ಮೇಡಂ. ಹತ್ತು ವರ್ಷದಿಂದ ರಜೆಯ ಶಿಬಿರಗಳಲ್ಲಿ ಫೋಟೋ ಕಲಿಸುತ್ತಿದ್ದೇನೆ. ಮೊದಲ ವರ್ಷ ನಾವೂ ಹೀಗೆಯೇ ಮಾಡಿದ್ದೆವು. ಬೆಳಿಗ್ಗೆ ನಾನು ಅಪರ್ಚರ್, ಶಟರ್ ಎಂದು ಹಲಗೆ ತುಂಬ ಬರೆದೆ. ಊಟವಾದ ಮೇಲೆ ಗೆಳೆಯರೊಬ್ಬರು ನೆನಪಿನ ವಿಧಗಳನ್ನು ಬರೆಸಿದರು. ಏಪ್ರಿಲ್ ಮಧ್ಯಾಹ್ನ, ಶೀಟಿನ ಮಾಡು, ಹೊಟ್ಟೆ ತುಂಬ ಅನ್ನ ಸಾರು. ಮೂರನೆಯ ದಿನಕ್ಕೆ ಅರ್ಧ ತರಗತಿ ಡೆಸ್ಕಿನ ಮೇಲೆ ತಲೆಯಿಟ್ಟಿತ್ತು. ರಜೆಯಲ್ಲಿ ಇನ್ನೊಂದು ಶಾಲೆಗೆ ತಂದು ಕೂರಿಸಿದ್ದೆವು, ತಪ್ಪು ನಮ್ಮದೇ.

ಈಗ ಎರಡನ್ನೂ ಬೇರೆ ಮಾಡುವುದೇ ಇಲ್ಲ. ಚಿತ್ರ ಒಂದು ಪ್ರಶ್ನೆಯನ್ನು ಎಬ್ಬಿಸಬೇಕು. ಉತ್ತರ ಹುಡುಕುತ್ತಾ ಹೋದರೆ ಮನಃಶಾಸ್ತ್ರ ತಾನಾಗಿ ಸಿಗುತ್ತದೆ.

ಮೊದಲ ದಿನ ಕ್ಯಾಮೆರಾ ಕೊಡಲೇಬೇಡಿ. ಒಂದು ಕೊಠಡಿಯನ್ನೇ ಕ್ಯಾಮೆರಾ ಮಾಡಿ. ಕಿಟಕಿಗಳಿಗೆಲ್ಲ ರಟ್ಟು, ಕಪ್ಪು ಬಟ್ಟೆ ಕಟ್ಟಿ, ಸಂದಿಗಳಿಗೆ ಅಂಟುಪಟ್ಟಿ ಹಚ್ಚಿ. ಒಂದು ಕಿಟಕಿಯ ರಟ್ಟಿನಲ್ಲಿ ಮಾತ್ರ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದೊಂದು ತೂತು. ಅದರ ಎದುರಿಗೆ ಬಿಳಿ ಪಂಚೆಯನ್ನು ಇಬ್ಬರು ಹಿಡಿದುಕೊಳ್ಳಲಿ. ಹೊರಗೆ ಚೆನ್ನಾಗಿ ಬಿಸಿಲಿರಬೇಕು. ಬೆಳಿಗ್ಗೆ ಮಾಡುವುದಾದರೆ ಪಶ್ಚಿಮದ ಕಿಟಕಿ ಆರಿಸಿಕೊಳ್ಳಿ, ಆಗ ಆಚೆಗಿರುವ ಮರ, ಗೋಡೆಗಳ ಮೇಲೆ ನಮ್ಮ ಕಡೆಯಿಂದ ಬಿಸಿಲು ಬಿದ್ದಿರುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಐದು ನಿಮಿಷವಾದರೂ ಬೇಕು. ಆ ಐದು ನಿಮಿಷ ಕಿಸಿಕಿಸಿ ನಗು, ತಳ್ಳಾಟ ಎಲ್ಲ ಇರುತ್ತದೆ, ಬೈಯಬೇಡಿ. ಆಮೇಲೆ ಯಾರೋ ಒಬ್ಬರು “ಸರ್, ತೆಂಗಿನಮರ!” ಎನ್ನುತ್ತಾರೆ. ಪಂಚೆಯ ಮೇಲೆ ತೆಂಗಿನಮರ ತಲೆಕೆಳಗಾಗಿ ತೂಗುತ್ತಿರುತ್ತದೆ, ಗರಿಯ ಹಸಿರು ಹಾಗೆಯೇ ಇರುತ್ತದೆ. ರಸ್ತೆಯಲ್ಲಿ ಆಟೋ ಹೋದರೆ ಚಕ್ರ ಮೇಲಾಗಿ, ಎದುರು ದಿಕ್ಕಿಗೆ ಸರಿದುಹೋಗುತ್ತದೆ. ಇಡೀ ಕೋಣೆ ಸುಮ್ಮನಾಗುವ ಆ ಗಳಿಗೆಗಾಗಿ ನಾನು ವರ್ಷವಿಡೀ ಕಾಯುತ್ತೇನೆ.

ಹಂಪಿಗೆ ಪ್ರವಾಸ ಹೋಗಿ ಬಂದವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ವಿರೂಪಾಕ್ಷ ದೇವಸ್ಥಾನದ ಒಳಗೆ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಅವರು ನೋಡಿರುತ್ತಾರೆ, ಪವಾಡವೆಂದೂ ಕೇಳಿರುತ್ತಾರೆ. ಅಲ್ಲಿಂದ ಕಣ್ಣಿಗೆ ಬನ್ನಿ. ನಮ್ಮ ಕಣ್ಣಿನ ಒಳಗೂ ಚಿತ್ರ ಹೀಗೆಯೇ ತಲೆಕೆಳಗಾಗಿ ಬೀಳುತ್ತದೆ. ಹಾಗಿದ್ದರೆ ಲೋಕ ನೆಟ್ಟಗೆ ಏಕೆ ಕಾಣುತ್ತದೆ? ಅರ್ಧ ಗಂಟೆ ಅವರವರಲ್ಲೇ ವಾದವಾಗಲಿ. ಆಮೇಲೆ ಜಾರ್ಜ್ ಸ್ಟ್ರಾಟನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞನ ಕಥೆ ಹೇಳಿ. 1890ರ ದಶಕದಲ್ಲಿ ಆತ ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದಕ್ಕೆ ದೃಶ್ಯವನ್ನು ತಿರುಗುಮುರುಗು ಮಾಡುವ ಮಸೂರ ಕಟ್ಟಿಕೊಂಡು ದಿನಗಟ್ಟಲೆ ಇದ್ದ. ಮೊದಮೊದಲು ಕೈ ಒಂದು ಕಡೆ ಹೋದರೆ ವಸ್ತು ಇನ್ನೊಂದು ಕಡೆ. ದಿನ ಕಳೆದಂತೆ ಕೈಕಾಲು ಆ ಹೊಸ ಲೋಕಕ್ಕೆ ಒಗ್ಗಿಕೊಂಡವು. ಈ ಕಥೆ ಕೇಳಿದ ಮಕ್ಕಳು ಮರುದಿನ ಮನೆಯಿಂದ ಕನ್ನಡಿ ತಂದು ಅದರಲ್ಲಿ ನೋಡಿಕೊಂಡು ಬರೆಯಲು ಕುಳಿತಿದ್ದರು. ನಾನು ಹೇಳಿರಲಿಲ್ಲ.

ಮೊಬೈಲ್ ಮೂವರಿಗೊಂದು ಸಾಕು. ಹಂಚಿಕೊಂಡಾಗಲೇ ಮಾತುಕತೆ ಹುಟ್ಟುತ್ತದೆ. ಆದರೆ ಒಬ್ಬರಿಗೆ ದಿನಕ್ಕೆ ಹನ್ನೆರಡೇ ಚಿತ್ರ, ಅಳಿಸುವಂತಿಲ್ಲ. ಮೊದಲ ದಿನ ಹನ್ನೆರಡೂ ಐದು ನಿಮಿಷದಲ್ಲಿ ಮುಗಿದುಹೋಗುತ್ತವೆ. ನಾಲ್ಕನೆಯ ದಿನ ಒಂದು ಬಾಗಿಲಿನ ಮುಂದೆ ಹತ್ತು ನಿಮಿಷ ನಿಂತು, ತೆಗೆಯದೆಯೇ ಮುಂದೆ ಹೋಗುವ ಹುಡುಗ ಸಿಗುತ್ತಾನೆ.

ನೆನಪಿನ ಪಾಠಕ್ಕೆ ಒಂದು ಒಳ್ಳೆಯ ಪ್ರಯೋಗವಿದೆ. 2014ರಲ್ಲಿ ಲಿಂಡಾ ಹೆಂಕೆಲ್ ಎಂಬ ಸಂಶೋಧಕಿ ಪ್ರಕಟಿಸಿದ್ದು. ವಸ್ತುಸಂಗ್ರಹಾಲಯದಲ್ಲಿ ಕೆಲವು ವಸ್ತುಗಳನ್ನು ಬರಿದೇ ನೋಡಲು, ಕೆಲವನ್ನು ಫೋಟೋ ತೆಗೆಯಲು ಹೇಳಿದರು. ಮರುದಿನ ಕೇಳಿದಾಗ, ಫೋಟೋ ತೆಗೆದ ವಸ್ತುಗಳ ನೆನಪೇ ಕಡಿಮೆ. ಆದರೆ ಒಂದು ಭಾಗವನ್ನು ಹತ್ತಿರಕ್ಕೆ ಎಳೆದುಕೊಂಡು ತೆಗೆದವರಿಗೆ ಆ ನಷ್ಟವಾಗಿರಲಿಲ್ಲ. ನಾವು ಇದನ್ನು ಸಂತೆಯಲ್ಲಿ ಮಾಡಿಸುತ್ತೇವೆ. ಫಲಿತಾಂಶ ಪ್ರತಿ ಸಲ ಪುಸ್ತಕದಲ್ಲಿದ್ದಂತೆ ಬರುವುದಿಲ್ಲ. ಬರದಿದ್ದಾಗ ಏಕೆ ಬರಲಿಲ್ಲ ಎಂದು ಮಕ್ಕಳನ್ನೇ ಕೇಳಿ. ಎಷ್ಟು ಜನ ಇದ್ದೆವು, ಏನೇನು ಬೇರೆಯಾಗಿತ್ತು ಎಂದು ಅವರು ಎಣಿಸತೊಡಗಿದರೆ ವಿಜ್ಞಾನ ಅಲ್ಲೇ ಶುರುವಾಯಿತು.

ಸೆಲ್ಫಿಯನ್ನು ಬಿಡಬೇಡಿ, ಇಡೀ ಶಿಬಿರದಲ್ಲಿ ಅವರಿಗೆ ಹತ್ತಿರದ ವಿಷಯ ಅದೇ. ಎರಡು ವರ್ಷದ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿ ಗುಂಪು ಚಿತ್ರದಲ್ಲೂ ಬೇರೆಯವರ ಹೆಗಲ ಹಿಂದೆ ಅರ್ಧ ಮುಖ ಮರೆಸಿಕೊಳ್ಳುತ್ತಿದ್ದಳು. ಗೆಳತಿಯರು ಕರೆದರೆ “ನನ್ನ ಮೂಗು ಚೆನ್ನಾಗಿಲ್ಲ, ಬೇಡ” ಎನ್ನುವುದು. ಅವಳಿಗೆ ನಾನೇನೂ ಹೇಳಲಿಲ್ಲ. ನಾನು ಕುರ್ಚಿಯ ಮೇಲೆ ಕುಳಿತು, ನನ್ನ ಮುಖವನ್ನೇ ತೆಗೆಯಲು ಮಕ್ಕಳಿಗೆ ಹೇಳಿದೆ. ಒಂದು ಚಿತ್ರ ಒಂದು ಅಡಿ ದೂರದಿಂದ, ಇನ್ನೊಂದು ಐದು ಅಡಿ ದೂರದಿಂದ. ಎರಡನ್ನೂ ಮುಖ ಒಂದೇ ಅಳತೆಗೆ ಬರುವಂತೆ ಕತ್ತರಿಸಿ ಪ್ರಿಂಟ್ ಹಾಕಿಸಿ, ಅಳತೆಪಟ್ಟಿ ಕೊಟ್ಟೆ. ಹತ್ತಿರದಿಂದ ತೆಗೆದದ್ದರಲ್ಲಿ ಮೂಗು ಅಗಲ, ಕಿವಿ ಹಿಂದಕ್ಕೆ. ಕ್ಯಾಮೆರಾಕ್ಕೆ ಹತ್ತಿರವಿದ್ದದ್ದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ ಲೆಕ್ಕ. ಹನ್ನೆರಡು ಅಂಗುಲ ದೂರದ ಸೆಲ್ಫಿಯಲ್ಲಿ ಮೂಗಿನ ಅಗಲ ಶೇ 30ರಷ್ಟು ಹೆಚ್ಚಾಗಿ ಕಾಣುತ್ತದೆ ಎಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಮರುದಿನ ಆ ಹುಡುಗಿ ಬಂದು ನೋಟ್‌ಪುಸ್ತಕ ತೆರೆದು ತೋರಿಸಿದಳು. ಚಿತ್ರವಿರಲಿಲ್ಲ, ಎರಡು ಅಳತೆಗಳಿದ್ದವು, ಮಿಲಿಮೀಟರಿನಲ್ಲಿ, ಎರಡನೆಯದರ ಕೆಳಗೆ ಗೆರೆ ಎಳೆದಿತ್ತು. ಮಡಚಿಕೊಂಡು ಹೋದಳು. ನಾನು ಏನನ್ನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇದರ ಜೊತೆಗೆ ಕನ್ನಡಿಯ ಪ್ರಯೋಗವನ್ನೂ ಮಾಡಿ. ಒಂದೇ ಚಿತ್ರವನ್ನು ನೇರವಾಗಿ ಒಂದು, ಎಡಬಲ ಅದಲುಬದಲು ಮಾಡಿ ಒಂದು ತೋರಿಸಿದರೆ, ನಮಗೆ ಹೆಚ್ಚಾಗಿ ಕನ್ನಡಿಯಲ್ಲಿ ಕಂಡಂತಿರುವುದೇ ಇಷ್ಟವಾಗುತ್ತದೆ, ಗೆಳೆಯರಿಗೆ ನೇರ ಚಿತ್ರ. 1977ರ ಅಧ್ಯಯನವಿದು. ನೋಡಿ ನೋಡಿ ರೂಢಿಯಾದ ಮುಖವನ್ನೇ ಮನಸ್ಸು ಚೆಂದ ಎನ್ನುತ್ತದೆ.

ಉತ್ತರ (ಧಾರವಾಡ, ಪಿಯು ಕಾಲೇಜಿನ ಮನಃಶಾಸ್ತ್ರ ಉಪನ್ಯಾಸಕಿ)

ಮೈಸೂರಿನ ಸರ್ ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಅವರು ಆ ಹುಡುಗಿಯನ್ನು ಏನೂ ಕೇಳಲಿಲ್ಲವಲ್ಲ, ಅದರ ಬೆಲೆ ನನಗೆ ಗೊತ್ತು. ನಾನು ಕೇಳಿ ಕೆಡಿಸಿದವಳು.

ನಾಲ್ಕು ವರ್ಷದ ಹಿಂದಿನ ಶಿಬಿರ. ಒಬ್ಬ ಹುಡುಗ ನಾಲ್ಕೂ ದಿನ ತೆಗೆದದ್ದು ಮುಚ್ಚಿದ ಬಾಗಿಲು, ಅಗುಳಿ, ಚಿಲಕ. ಅವೆಲ್ಲವನ್ನೂ ಪರದೆಯ ಮೇಲೆ ಹಾಕಿ, ಎಲ್ಲರೆದುರಿಗೆ, ಬಲು ಮೃದುವಾಗಿ “ಮನೆಯಲ್ಲಿ ಏನಾದರೂ ಕಷ್ಟ ಇದೆಯೇನಪ್ಪಾ?” ಎಂದೆ. ಹಿಂದಿನಿಂದ ಯಾರೋ ನಕ್ಕರು. ಹುಡುಗನ ಕಿವಿ ಕೆಂಪಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮರುದಿನ ಅವನು ಬರಲಿಲ್ಲ. ಮನೆ ಹುಡುಕಿಕೊಂಡು ಹೋದೆ. ಅವನ ತಂದೆ ಬಡಗಿ. ಊರಿನ ಅರ್ಧದಷ್ಟು ಬಾಗಿಲು ಅವರು ಕೂರಿಸಿದ್ದು, ಮಗ ಅವನ್ನೇ ಒಂದೊಂದಾಗಿ ಹುಡುಕಿ ತೆಗೆಯುತ್ತಿದ್ದ. ಕ್ಷಮೆ ಕೇಳಿದೆ. ಅವನು ತಲೆಯಾಡಿಸಿದ, ಆದರೆ ಶಿಬಿರಕ್ಕೆ ಮರಳಲಿಲ್ಲ.

ನಿಮ್ಮ ಬಳಿ ಪದವಿ ಇರುವುದರಿಂದಲೇ ಈ ಅಪಾಯ ಹೆಚ್ಚು ತಂಗಿ. ಚಿತ್ರ ನೋಡಿ ಮನಸ್ಸು ಓದುತ್ತೇವೆ ಎಂಬ ನಂಬಿಕೆ ಬೇಡ, ಮಕ್ಕಳಲ್ಲೂ ಅದನ್ನು ಬಿತ್ತಬೇಡಿ. “ಏಕೆ ತೆಗೆದೆ” ಎಂದು ಕೇಳುವ ಬದಲು “ಇದರಲ್ಲಿ ಏನೇನು ಕಾಣುತ್ತಿದೆ” ಎಂದು ಮೊದಲು ಉಳಿದವರನ್ನು ಕೇಳಿ. ತೆಗೆದವರು ಕೊನೆಗೆ ಮಾತಾಡಲಿ, ಮನಸ್ಸಿಲ್ಲದಿದ್ದರೆ ಮಾತಾಡದಿರಲಿ. ಖಿನ್ನತೆ, ಆತಂಕದ ಲಕ್ಷಣಗಳ ಪಟ್ಟಿ ಹಾಕಿ ಪಾಠ ಮಾಡಬೇಡಿ. ಸಂಜೆಯೊಳಗೆ ಇಪ್ಪತ್ತು ಮಕ್ಕಳೂ ಪಕ್ಕದವರಿಗೆ ಒಂದೊಂದು ಕಾಯಿಲೆ ಅಂಟಿಸಿರುತ್ತಾರೆ.

ಆದರೂ ಯಾವುದಾದರೂ ಮಗು ನಿಮ್ಮನ್ನು ನಂಬಿ ಏನನ್ನಾದರೂ ಹೇಳಿಕೊಳ್ಳಬಹುದು. “ಯಾರಿಗೂ ಹೇಳುವುದಿಲ್ಲ” ಎಂದು ಭಾಷೆ ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎರಡನ್ನೂ ಮೊದಲ ದಿನವೇ ಹಲಗೆಯ ಮೂಲೆಯಲ್ಲಿ ಬರೆದುಬಿಡಿ, ಹತ್ತೂ ದಿನ ಅಳಿಸಬೇಡಿ.

ಇನ್ನು ಪಾಠಕ್ಕೆ ಒಂದು ಸಲಹೆ. ಸಾಕ್ಷಿಯ ನೆನಪಿನ ಬಗ್ಗೆ ಲಾಫ್ಟಸ್ ಮತ್ತು ಪಾಮರ್ 1974ರಲ್ಲಿ ಮಾಡಿದ ಪ್ರಯೋಗ ನಮ್ಮ ಭಾಷೆಗೆ ಬಲು ಚೆನ್ನಾಗಿ ಒಗ್ಗುತ್ತದೆ. ಕಾರುಗಳ ಡಿಕ್ಕಿಯ ಚಲನಚಿತ್ರದ ತುಣುಕು ತೋರಿಸಿ, ಪ್ರಶ್ನೆಯಲ್ಲಿ ಒಂದೇ ಒಂದು ಕ್ರಿಯಾಪದ ಬದಲಿಸಿದರು. “ಅಪ್ಪಳಿಸಿದಾಗ” ಎಷ್ಟು ವೇಗ ಇತ್ತು ಎಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ 40 ಮೈಲಿಗಿಂತ ತುಸು ಹೆಚ್ಚು ಎಂದರು, “ತಾಗಿದಾಗ” ಎಂದು ಕೇಳಿಸಿಕೊಂಡವರು 31.8 ಮೈಲಿ. ನಮ್ಮ ಮಕ್ಕಳು ಎರಡು ಸೈಕಲ್‌ಗಳನ್ನು ಮೆಲ್ಲಗೆ ತಾಗಿಸಿ ತಾವೇ ಅದನ್ನು ವಿಡಿಯೋ ಮಾಡಿದರು. ಆಮೇಲೆ ಕ್ರಿಯಾಪದ ಹುಡುಕಲು ಕುಳಿತರು: ಸೋಕಿತು, ತಾಗಿತು, ಬಡಿಯಿತು, ಗುದ್ದಿತು, ಅಪ್ಪಳಿಸಿತು. ಯಾವುದು ಯಾವುದಕ್ಕಿಂತ ಜೋರು ಎಂದು ಅರ್ಧ ದಿನ ಜಗಳ. ಅಷ್ಟು ಒಳ್ಳೆಯ ಕನ್ನಡ ತರಗತಿಯನ್ನೂ ನಾನು ನೋಡಿಲ್ಲ.

ಈ ವಿದ್ಯೆ ಎಲ್ಲೋ ದೂರದ್ದು ಎಂದು ಮಕ್ಕಳು ಅಂದುಕೊಳ್ಳುವುದು ನನಗೆ ಬೇಸರ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ನಡೆಸಿದವರು. ಇದನ್ನು ಹೇಳಿದಾಗ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ.

ಉತ್ತರ (ಉಡುಪಿ, ಶಿಬಿರಕ್ಕೆ ಮಕ್ಕಳನ್ನು ಕಳಿಸುವ ತಾಯಿ, ಮೂರು ವರ್ಷದಿಂದ ಸ್ವಯಂಸೇವಕಿ)

ನನ್ನದು ಮೂರೇ ಮಾತು. ಪೋಷಕರಿಂದ ಸಹಿ ಮಾಡಿದ ಒಪ್ಪಿಗೆ ಪತ್ರ ಮೊದಲೇ ಪಡೆಯಿರಿ. ಮಕ್ಕಳ ಮುಖವಿರುವ ಚಿತ್ರ ಯಾವ ಗುಂಪಿಗೂ, ಯಾವ ಜಾಲತಾಣಕ್ಕೂ ಹೋಗಬಾರದು ಎಂದು ನಿಯಮ ಮಾಡಿ, ಅದನ್ನು ನೀವೂ ಪಾಲಿಸಿ.

ದಾರಿಯಲ್ಲಿ ಹೋಗುವವರ ಚಿತ್ರ ತೆಗೆಯುವ ಮುನ್ನ ಬಾಯಿಬಿಟ್ಟು ಕೇಳುವುದನ್ನು ಅಭ್ಯಾಸ ಮಾಡಿಸಿ. ಹದಿನಾಲ್ಕು ವರ್ಷದ ಹುಡುಗನಿಗೆ ಅಪರಿಚಿತರ ಮುಂದೆ ನಿಂತು “ಅಜ್ಜಿ, ಒಂದು ಫೋಟೋ ತೆಗೆಯಲಾ?” ಎನ್ನುವುದು ಬೆಟ್ಟ ಹತ್ತಿದಷ್ಟು ಕಷ್ಟ. ತರಗತಿಯಲ್ಲಿ ಒಬ್ಬರು ಅಜ್ಜಿಯಾಗಿ, ಒಬ್ಬರು ಹುಡುಗನಾಗಿ ಆಡಿಸಿ ನೋಡಿ. “ಬೇಡ” ಎಂಬ ಉತ್ತರ ಬಂದಾಗ ನಕ್ಕು ಮುಂದೆ ಹೋಗುವುದನ್ನೂ ಆಡಿಸಬೇಕು.

ಪ್ರಿಂಟ್‌ಗೆ ಹಣ ತೆಗೆದಿಡಿ. ಬೇರೆ ಖರ್ಚು ಕಡಿಮೆಯಾದರೂ ಚಿಂತೆಯಿಲ್ಲ. ನನ್ನ ಮಗ ಮಲ್ಲಿಗೆ ಕಟ್ಟುವ ಒಬ್ಬರು ಅಮ್ಮನ ಕೈಗಳನ್ನು ತೆಗೆದಿದ್ದ, ಬೆರಳಿಗೆ ಸುತ್ತಿದ ಬಾಳೆನಾರು ಸ್ಪಷ್ಟವಾಗಿ ಕಾಣುತ್ತಿತ್ತು. ಕೊನೆಯ ದಿನ ಪ್ರಿಂಟ್ ತೆಗೆದುಕೊಂಡು ಹೋಗಿ ಕೊಟ್ಟ. ಅವರು ಬಹಳ ಹೊತ್ತು ನೋಡಿ “ಇದು ನನ್ನ ಅಮ್ಮನ ಕೈ” ಎಂದರು. ಮಗನಿಗೆ ಅರ್ಥವಾಗಲಿಲ್ಲ. ಮನೆಗೆ ಬಂದು ನನ್ನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಋಣಿ. ವೇಳಾಪಟ್ಟಿಯನ್ನು ಹೊಸದಾಗಿ ಬರೆಯುತ್ತಿದ್ದೇನೆ. ಬಾಗಿಲುಗಳ ಹುಡುಗನ ವಿಷಯವನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ ಅಕ್ಕ. ಚಿತ್ರಗಳ ಚರ್ಚೆಗೆ ನಾನು ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳಲ್ಲಿ “ಏಕೆ” ಎಂದು ಆರಂಭವಾಗುವವು ಒಂಬತ್ತಿದ್ದವು, ಎಲ್ಲವನ್ನೂ ಹೊಡೆದುಹಾಕಿದ್ದೇನೆ. ಇಂದು ಶಾಲೆಗೆ ಹೋಗಿ ಕೊಠಡಿ ನೋಡಿ ಬಂದೆ ಸರ್. ಕಿಟಕಿ ಇರುವುದು ಪೂರ್ವಕ್ಕೆ, ಆಚೆಗೆ ಹಲಸಿನ ಮರ ಮತ್ತು ಬಸ್ ನಿಲ್ದಾಣದ ದಾರಿ. ಹಾಗಾಗಿ ಕತ್ತಲೆ ಕೋಣೆಯನ್ನು ಮಧ್ಯಾಹ್ನ ಮೂರಕ್ಕೆ ಇಟ್ಟುಕೊಳ್ಳುತ್ತೇನೆ. ಪಂಚೆಯನ್ನು ಅಪ್ಪ ಕೊಡುತ್ತೇನೆ ಎಂದಿದ್ದಾರೆ.