ಚೈನಾ ಗ್ರಾಸ್ ಹಾಳೆ ಒಣಗಿದ ಮೇಲೆ ಒಡೆಯುತ್ತದೆ, ಬಗ್ಗುವ ಹಾಳೆ ಯಾರಿಗಾದರೂ ಬಂದಿದೆಯಾ?

ಉಡುಪಿ ಹೊಸಬಳು: ಸಣ್ಣ ಪರ್ಸ್ ಹೊಲಿಯುವುದಕ್ಕೆ ಮೆತ್ತನೆ ಹಾಳೆ ಬೇಕಿತ್ತು. 10 ಗ್ರಾಂ ಚೈನಾ ಗ್ರಾಸ್ (ಕಡಲ ಪಾಚಿಯ ಅಗಾರ್), 400 ಮಿಲಿ ನೀರು. ಗ್ಲಿಸರಿನ್ ಅರ್ಧ ಚಮಚ ಹಾಕಿದರೆ ಹಪ್ಪಳ, ಎರಡು ಚಮಚ ಹಾಕಿದರೆ ಕೈಗೆ ಅಂಟುತ್ತದೆ. ಅಗಾರಲ್ಲೇ ಮುಂದುವರಿಯಲಾ, ಕಂದು ಪಾಚಿಯಿಂದ ತೆಗೆಯುವ ಆಲ್ಜಿನೇಟ್ ಪುಡಿಗೆ ಹೋಗಲಾ? ಮಾಡಿ ನೋಡಿದವರು ಹೇಳಿ.

ಸುರತ್ಕಲ್ ಅಕ್ಕ: ಎರಡು ವರ್ಷದಿಂದ ಅಗಾರ್ ಮಾತ್ರ ಮಾಡುತ್ತಿದ್ದೇನೆ, ಬಿಡುವುದೂ ಇಲ್ಲ. ಮೊದಲು ಅಂಗಡಿಯ 10 ಗ್ರಾಂ ಪ್ಯಾಕೆಟ್ ತಂದು ತಂದು ಮೂರು ತಿಂಗಳಲ್ಲಿ 2,300 ರೂಪಾಯಿ ಹೋಯಿತು, ಯಜಮಾನರಿಗೆ ಇವತ್ತಿಗೂ 900 ಅಂತಲೇ ಲೆಕ್ಕ. ಆಮೇಲೆ ಅರ್ಧ ಕೆಜಿ ಪುಡಿ ತರಿಸಿದೆ, 3,800. ಗಾಜಿನ ಮೇಲೆ ಸುರಿದರೆ ಏಳಲೇ ಇಲ್ಲ, ಸ್ಟೀಲ್ ತಟ್ಟೆಯಲ್ಲಿ ಅಂಚು ಸುರುಳಿ ಸುತ್ತಿತು. ಕೊನೆಗೆ ಬಡಗಿ ಹತ್ತಿರ ಮರದ ಚೌಕಟ್ಟು ಮಾಡಿಸಿ, ಹತ್ತಿ ಬಟ್ಟೆ ಎಳೆದು ಕಟ್ಟಿ, ಅದರ ಮೇಲೆ ಸುರಿದೆ. ಚೌಕಟ್ಟು 650. ಅವನು ಅಳತೆ ತಪ್ಪಿಸಿದ, ಇನ್ನೊಂದು 650. ಈಗ 12 ಗ್ರಾಂ ಪುಡಿ, ಅರ್ಧ ಲೀಟರ್ ನೀರು. ಡಿಸೆಂಬರಲ್ಲಿ ಗ್ಲಿಸರಿನ್ 8 ಗ್ರಾಂ, ಜೂನ್ ಬಂತೆಂದರೆ 5. ಮಳೆಗಾಲದಲ್ಲಿ ಗ್ಲಿಸರಿನ್ ಗಾಳಿಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ನಮ್ಮ ಊರಲ್ಲಿ ಗಾಳಿಗೆ ನೀರಿಗೇನು ಬರವಾ! ಕಳೆದ ಜುಲೈಯಲ್ಲಿ ಕಪಾಟಲ್ಲಿಟ್ಟ 14 ಹಾಳೆ ಒಂದಕ್ಕೊಂದು ಅಂಟಿ ಒಂದೇ ಇಟ್ಟಿಗೆ ಆಗಿತ್ತು, ಮೇಲೆ ಹಸಿರು ಬೂಷ್ಟು. ಕೂತು ಅತ್ತಿದ್ದೇನೆ ಮಾರಾಯ್ರೆ.

ಮಲ್ಪೆ ಬಂದರ್: ಚೈನಾ ಗ್ರಾಸ್ ಪುಡ್ಡಿಂಗಿಗೆ ಒಳ್ಳೆಯದು. ಪರ್ಸಿಗಲ್ಲ. ಬಿಸಿ ನೀರಲ್ಲಿ ಕುದಿಸಿದರೆ ವಾಪಸ್ ಗಂಜಿ ಆಗುವ ವಸ್ತುವಿನಲ್ಲಿ ಪರ್ಸ್ ಎಂತಕ್ಕೆ? ನಾನು ಆಲ್ಜಿನೇಟ್. ಕ್ಯಾಲ್ಸಿಯಂ ಕ್ಲೋರೈಡ್ ನೀರು ಬಿದ್ದ ಮೇಲೆ ಅದು ಮತ್ತೆ ನೀರಲ್ಲಿ ಕರಗುವುದಿಲ್ಲ. ಆದರೆ ಸುಲಭ ಅಂತ ಯಾರೂ ಅಂದುಕೊಳ್ಳಬೇಡಿ. ಮಿಕ್ಸಿಯಲ್ಲಿ ತಿರುಗಿಸಿದರೆ ಗುಳ್ಳೆಯೇ ಗುಳ್ಳೆ, ಒಂದು ರಾತ್ರಿ ಸುಮ್ನೆ ಬಿಡಬೇಕು. ನಾನು ಬಿಡಲಿಲ್ಲ. ಮೊದಲ ಆರು ಹಾಳೆ ನೀರ್ ದೋಸೆ ಹಾಗೆ ತೂತು ತೂತು. ಆಮೇಲೆ ಕ್ಯಾಲ್ಸಿಯಂ ನೀರನ್ನು ಬಕೆಟಿಂದ ಸುರಿದೆ, ಮೇಲಿನ ಪದರ ಗಟ್ಟಿಯಾಗಿ ಒಳಗೆ ಲೋಳೆ, ಇಡೀ ಹಾಳೆ ಮುದುಡಿ ಹೋಯಿತು. ಸ್ಪ್ರೇ ಬಾಟಲಿಯಲ್ಲಿ ತೆಳ್ಳಗೆ ಹೊಡೆಯಬೇಕು, ಒಣಗಿದ ಮೇಲೆ ಇನ್ನೊಮ್ಮೆ. ಆಲ್ಜಿನೇಟ್ ಕೆಜಿಗೆ 1,750, ಕೊರಿಯರ್ 180 ಬೇರೆ. ಕ್ಯಾಲ್ಸಿಯಂ ಕ್ಲೋರೈಡ್ ಮುಚ್ಚಳ ಸರಿ ಹಾಕದೆ ಒಂದು ವಾರ ಊರಿಗೆ ಹೋಗಿದ್ದೆ, ಬಂದು ನೋಡಿದರೆ ಡಬ್ಬಿಯಲ್ಲಿ ಹರಳೇ ಇಲ್ಲ, ಬರೀ ನೀರು.

ಸುರತ್ಕಲ್ ಅಕ್ಕ: ಗಂಜಿ ಆಗುವುದೇ ಅದರ ಗುಣ. ಕತ್ತರಿಸಿ ಉಳಿದ ಚೂರನ್ನು ಕುದಿಸಿ ಮತ್ತೆ ಸುರಿಯುತ್ತೇನೆ, ಒಂದು ಗ್ರಾಂ ಹಾಳಾಗುವುದಿಲ್ಲ. ನಿಮ್ಮ ಆರು ತೂತು ದೋಸೆ ಎಲ್ಲಿಗೆ ಹೋಯಿತು? ಕಸಕ್ಕೆ. ಪರ್ಸನ್ನು ಯಾರು ಕುದಿಸುತ್ತಾರೆ ಸ್ವಾಮಿ?

ಕಾಪು ಕಡಲು: ನೀವಿಬ್ಬರೂ ಪುಡಿ ಕೊಂಡುಕೊಂಡವರು. ನಾನು ಕಡಲಿಂದಲೇ ಶುರು ಮಾಡಿದವ. ಆಲ್ಜಿನೇಟ್ ತೆಗೆಯಲಿಕ್ಕೆ ಸರ್ಗಾಸಮ್, ಅದೇ ಕಂದು ಬಣ್ಣದ ಪಾಚಿ, ಗಾಳಿ ತುಂಬಿದ ಸಣ್ಣ ಗುಳ್ಳೆ ಇರುತ್ತದಲ್ಲ. ಬಂಡೆ ಪಕ್ಕ ಎರಡು ಚೀಲ ಸಿಕ್ಕಿತು. ಐದು ಸಲ ತೊಳೆದರೂ ಹೊಯಿಗೆ. ಒಣಗಿಸಿ 1 ಕೆಜಿ, ಮೊದಲು ಹುಳಿ ನೀರು, ಆಮೇಲೆ ಸೋಡಾ ಹಾಕಿ ಬೇಯಿಸುವುದು. ಮೊದಲ ಸಲ ಬಟ್ಟೆ ಸೋಡಾ ಬದಲು ಅಡುಗೆ ಸೋಡಾ ಹಾಕಿ ಮೂರು ಗಂಟೆ ಗ್ಯಾಸ್ ದಂಡ. ಎರಡನೇ ಸಲ ಲೋಳೆ ಬಂತು, ಸೋಸಲಿಕ್ಕೆ ಹೋದರೆ ಬೈರಾಸಿನಲ್ಲಿ ಒಂದು ತೊಟ್ಟು ಇಳಿಯಲಿಲ್ಲ. ನಾಲ್ಕು ಪಟ್ಟು ನೀರು ಸೇರಿಸಿದ ಮೇಲೆ ಇಳಿಯಿತು, ರಾತ್ರಿ ಹನ್ನೊಂದಕ್ಕೆ. ಸಿಕ್ಕಿದ್ದು 90 ಗ್ರಾಂ, ಕಾಫಿ ಬಣ್ಣ. ಅಮ್ಮ ಆ ಪಾತ್ರೆಯನ್ನು ಹಟ್ಟಿಗೆ ಕೊಟ್ಟುಬಿಟ್ಟರು, ದನವೂ ಅದರಲ್ಲಿ ನೀರು ಕುಡಿಯಲಿಲ್ಲ.

ಮಲ್ಪೆ ಬಂದರ್: ಬಂಡೆಯಿಂದ ಕಿತ್ತದ್ದಾ? ಅದರೊಳಗೆ ಏಡಿಮರಿ, ಬಸವನಹುಳ ಎಲ್ಲ ಇರುತ್ತದೆ.

ಕಾಪು ಕಡಲು: ದಡಕ್ಕೆ ಬಿದ್ದದ್ದು ಅಂತ ಬರೆಯಲಿಕ್ಕೆ ಬಿಟ್ಟುಹೋಯಿತು. ಟ್ರಾಲ್ ಬಲೆ ಊರಿನವರಿಂದ ಏಡಿಮರಿ ಪಾಠ ಬೇಡ.

ಪುತ್ತೂರು ತೋಟ: ಹಾಳೆ ಒಡೆಯುವುದು ಒಣಗಿದ್ದು ಜಾಸ್ತಿಯಾದರೆ. ನೀರಲ್ಲಿ ನೆನೆಸಿ ಆಮೇಲೆ ಮೆಷಿನಿಗೆ ಕೊಡಿ, ಚೆನ್ನಾಗಿ ಬಗ್ಗುತ್ತದೆ. ಯಾವ ತಳಿ ಅಡಿಕೆ?

ಸುರತ್ಕಲ್ ಅಕ್ಕ: ಅಣ್ಣ, ಇದು ಅಡಿಕೆ ಹಾಳೆ ಅಲ್ಲ. ಕಡಲ ಪಾಚಿ ಹಾಳೆ.

ಪುತ್ತೂರು ತೋಟ: ಓ. ಹಾಗಾದರೆ ಇನ್ನೂ ಕಷ್ಟ. 2016ರ ಮಾರ್ಚಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧ ಆದ ಕೂಡಲೇ ಸಾಲ ಮಾಡಿ ಅಡಿಕೆ ಹಾಳೆ ತಟ್ಟೆಯ ಮೆಷಿನ್ ಹಾಕಿದವ ನಾನು. ತೋಟದಲ್ಲಿ ತಾನಾಗಿ ಬೀಳುವ ಹಾಳೆ ಇರುವಾಗ ಅಂಗಡಿಯಿಂದ ಪುಡಿ ತಂದು ಹಾಳೆ ಮಾಡುವುದು ಯಾವ ಬುದ್ಧಿ?

ಮಲ್ಪೆ ಬಂದರ್: 2025ರಲ್ಲಿ ಅಮೆರಿಕದವರು ಊಟಕ್ಕೆ ಸುರಕ್ಷಿತ ಅಲ್ಲ ಅಂತ ನಿಮ್ಮ ಹಾಳೆ ತಟ್ಟೆಯನ್ನು ತಡೆದರಲ್ಲ, ಅದನ್ನೂ ಹೇಳಿ.

ಪುತ್ತೂರು ತೋಟ: ನನ್ನ ಅಜ್ಜ ಹಾಳೆಯಲ್ಲೇ ಉಂಡು 91 ವರ್ಷ ಬದುಕಿದವರು. ನಿಮ್ಮ ಲೋಳೆಯಲ್ಲಿ ಒಂದು ಊಟ ಬಡಿಸಿ ತೋರಿಸಿ, ಆಮೇಲೆ ಮಾತು.

ಉಡುಪಿ ಹೊಸಬಳು: ನನ್ನ ಪರ್ಸ್...

ಕಾಪು ಕಡಲು: ತಂಗಿ, ಚಮಚ ಬಿಡು, ತೂಕದ ಯಂತ್ರ ತಗೋ. ಗ್ಲಿಸರಿನ್ ನೀರಿಗಿಂತ ಭಾರ, 5 ಮಿಲಿ ಚಮಚದಲ್ಲಿ 6 ಗ್ರಾಂಗಿಂತ ಮೇಲೆ ಬೀಳುತ್ತದೆ. ನಿನ್ನ ಅರ್ಧ ಚಮಚಕ್ಕೂ ಎರಡು ಚಮಚಕ್ಕೂ ನಡುವೆ ಎಷ್ಟೊಂದು ಜಾಗ ಉಂಟು. ನನ್ನ ಯಂತ್ರ 420 ರೂಪಾಯಿ, ಈಗಲೂ ಸರಿ ಇದೆ, ಸರಿ ಇರುವುದು ಅದೊಂದೇ.

ಸುರತ್ಕಲ್ ಅಕ್ಕ: ಅದನ್ನೇ ನಾನು ಮೊದಲು ಹೇಳಿದ್ದು, 8 ಗ್ರಾಂ ಅಂತ.

ಮಲ್ಪೆ ಬಂದರ್: ನೀವು ಹೇಳಿದ್ದು ಬಡಗಿಯ ಕಥೆ.

ಕಾಪು ಕಡಲು: ಅಂದ ಹಾಗೆ ಕೊಂಡ ಆಲ್ಜಿನೇಟೂ ಅರ್ಧ ಕೆಜಿ ಉಂಟು ನನ್ನ ಹತ್ತಿರ, ಹೌದು, ಕೊನೆಗೆ ನಾನೂ ಕೊಂಡೆ. ಸ್ವಲ್ಪ ಗಂಟು ಕಟ್ಟಿದೆ. 400ಕ್ಕೆ ಕೊಡುತ್ತೇನೆ, ಕಾಪು ಪೇಟೆಗೆ ಬಂದು ತೆಗೆದುಕೊಂಡು ಹೋಗಬೇಕು. ಮನೆಗೆ ಬರಬೇಡಿ, ಅಮ್ಮ ಇರುತ್ತಾರೆ.