ಮಗ ವಾಲ್ಟರ್ ವೈಟ್ ಪರ ನಿಂತಿದ್ದಾನೆ, ಏನು ಮಾಡಲಿ?

ಕೇಳಿದವರು, ಶಿವಮೊಗ್ಗದ ಒಬ್ಬ ತಾಯಿ:
ಪಿಯುಸಿ ಮುಗಿಸಿದ ಮಗ ರಜೆಯಲ್ಲಿ ಕೂತು ‘ಬ್ರೇಕಿಂಗ್ ಬ್ಯಾಡ್’ ಅನ್ನುವ ಇಂಗ್ಲಿಷ್ ಧಾರಾವಾಹಿ ಪೂರ್ತಿ ನೋಡಿದ. ಕ್ಯಾನ್ಸರ್ ಬಂದ ಕೆಮಿಸ್ಟ್ರಿ ಮೇಷ್ಟ್ರು ಮಾದಕ ವಸ್ತು ತಯಾರಿಸಲು ಹೋಗಿ ದೊಡ್ಡ ಪಾತಕಿಯಾಗುವ ಕಥೆ. ಈಗ ಇವನಿಗೆ ಆ ವಾಲ್ಟರ್ ವೈಟ್ ಅಂದರೆ ದೇವರು, ಅವನನ್ನು ತಡೆಯಲು ಬರುವ ಹೆಂಡತಿ ಸ್ಕೈಲರ್ ಅಂದರೆ ಉರಿ. ‘ಮನೆಯವರಿಗೋಸ್ಕರ ತಾನೆ ಮಾಡಿದ್ದು’ ಅಂತ ವಾದ. ಇದನ್ನು ದೊಡ್ಡದು ಮಾಡಬೇಕಾ, ಬಿಟ್ಟುಬಿಡಬೇಕಾ? ಅನುಭವ ಇದ್ದವರು ಹೇಳಿ.

ಮೈಸೂರಿನಿಂದ:
ನಮ್ಮನೆಯಲ್ಲಿ ಮಗಳ ಜೊತೆ ಇದೇ ಜಗಳ ಆಗಿತ್ತು ಅಕ್ಕ. ಬೈದಷ್ಟೂ ಅವರು ಆ ಪಾತ್ರವನ್ನು ಇನ್ನೂ ಬಿಗಿಯಾಗಿ ಹಿಡ್ಕೋತಾರೆ. ಜೊತೆಗೆ ಕೂತು ಮೊದಲ ಸೀಸನ್ನಿನ 5ನೇ ಕಂತು ನೋಡಿ. ಹಳೆಯ ಗೆಳೆಯ ಎಲಿಯಟ್ ಚಿಕಿತ್ಸೆಯ ಖರ್ಚು ತಾನು ಕೊಡ್ತೀನಿ ಅಂತಾನೆ. ವಾಲ್ಟರ್ ಬೇಡ ಅಂತಾನೆ, ಅದೇ ಕಂತಿನಲ್ಲಿ ಮಾದಕ ವಸ್ತು ತಯಾರಿಸಲು ಜೊತೆಗಿದ್ದ ಜೆಸ್ಸಿಯ ಹತ್ತಿರ ವಾಪಸ್ ಹೋಗ್ತಾನೆ. ದುಡ್ಡಿಗೆ ದಾರಿ ಇತ್ತು, ಅಹಂ ಬಿಡಲಿಲ್ಲ. ‘ಮನೆಯವರಿಗೋಸ್ಕರ’ ಅನ್ನುವ ಮಾತು ಅಲ್ಲಿಗೇ ಮುಗೀತು. ಆದರೂ ನಾವು ಅದನ್ನು ಮುಂದಿನ ಸೀಸನ್‌ಗಳ ತನಕ ನಂಬ್ತೀವಿ, ಯಾಕಂದ್ರೆ ಮೊದಲನೇ ಕಂತಿನಲ್ಲಿ ಕಾರ್ ತೊಳೆಯುವ ಕಡೆ ತನ್ನದೇ ವಿದ್ಯಾರ್ಥಿಯ ಕಾರಿನ ಚಕ್ರ ಉಜ್ಜುತ್ತಾ ಮಂಡಿಯೂರಿದ ಮೇಷ್ಟ್ರನ್ನು ನೋಡಿ ಕರುಳು ಚುರುಕ್ ಅಂದಿರುತ್ತೆ. 2013ರ ಕೊನೆಯ ಕಂತಿನಲ್ಲಿ ಅವನೇ ಹೆಂಡತಿಯ ಮುಂದೆ ನಿಂತು, ಇದೆಲ್ಲ ನನಗೋಸ್ಕರವೇ ಮಾಡಿದ್ದು ಅಂತ ಒಪ್ಪಿಕೊಳ್ತಾನೆ. ಮಗನಿಗೆ ಅದು ನೆನಪಿದೆಯಾ ಕೇಳಿ.

ಬೆಂಗಳೂರಿನಿಂದ, ಧಾರಾವಾಹಿಗಳಿಗೆ ಎಡಿಟಿಂಗ್ ಮಾಡುವವರು:
ಮೇಡಂ, ಇದರಲ್ಲಿ ನಿಮ್ಮ ಮಗನ ಗುಣದ ಪ್ರಶ್ನೆಯೇ ಇಲ್ಲ. ಕಟ್ಟಿರುವುದೇ ಹಾಗೆ. ಯಾರ ಮುಖ ಎಷ್ಟು ಹೊತ್ತು ತೆರೆ ಮೇಲಿರುತ್ತೋ ನೋಡುವವರ ಮನಸ್ಸು ಅವರ ಕಡೆ ವಾಲುತ್ತೆ.

ಎರಡನೇ ಸೀಸನ್ನಿನ 12ನೇ ಕಂತು ತೆಗೆದುಕೊಳ್ಳಿ. ಜೆಸ್ಸಿಯ ಗೆಳತಿ ಜೇನ್ ನಶೆಯಲ್ಲಿ ಮಲಗಿದ್ದಾಳೆ. ಜೆಸ್ಸಿಯನ್ನು ಎಬ್ಬಿಸಲು ವಾಲ್ಟರ್ ಅಲುಗಾಡಿಸಿದಾಗ ಅವಳು ಅಂಗಾತ ಹೊರಳುತ್ತಾಳೆ, ವಾಂತಿ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಅವನು ಮುಂದೆ ಬಾಗುತ್ತಾನೆ, ಆಮೇಲೆ ತಡೆದು ನಿಲ್ಲುತ್ತಾನೆ. ಸಾಯುತ್ತಿರುವುದು ಅವಳು, ಆದರೆ ಕ್ಯಾಮೆರಾ ಉಳಿದುಕೊಳ್ಳುವುದು ಅವನ ಮುಖದ ಮೇಲೆ. ಅವನ ಕಣ್ಣು ತುಂಬುತ್ತೆ, ನಮಗೆ ಪಾಪ ಅನಿಸುವುದು ಅವನನ್ನು ಕಂಡು! ಬ್ರಯಾನ್ ಕ್ರಾನ್‌ಸ್ಟನ್ ಅಭಿನಯ ಅಂಥದ್ದು. ಅದೇ ದೃಶ್ಯವನ್ನು ಜೇನ್‌ಳ ಅಪ್ಪನ ಜೊತೆ ಬಾಗಿಲಲ್ಲಿ ನಿಂತು ತೋರಿಸಿದ್ದರೆ ಧಾರಾವಾಹಿ ಅಲ್ಲೇ ನೋಡುಗರನ್ನು ಕಳೆದುಕೊಳ್ಳುತ್ತಿತ್ತು.

ಇನ್ನೊಂದು ಉಪಾಯ, ನಾಯಕನ ಅಕ್ಕಪಕ್ಕ ಅವನಿಗಿಂತ ಕೆಟ್ಟವರನ್ನು ನಿಲ್ಲಿಸುವುದು. ಟೂಕೋ ಅನ್ನುವ ಕ್ರೂರ ಮಾದಕ ವಸ್ತು ದಂಧೆಕೋರನ ಎದುರು ಯಾರಾದರೂ ಸಭ್ಯರೇ. ಜೊತೆಗೆ ವಾಲ್ಟರ್ ಕೆಲಸದಲ್ಲಿ ಜಾಣ. ಜಾಣನ ಲೆಕ್ಕಾಚಾರ ಫಲಿಸಲಿ ಅಂತ ನಾವು ಉಸಿರು ಬಿಗಿಹಿಡಿದು ಕೂತಿರುವಾಗ, ಅಡ್ಡ ಬಂದ ಹೆಂಡತಿ ಕಿರಿಕಿರಿಯಾಗಿ ಕಾಣುತ್ತಾಳೆ. ಆ ಪಾತ್ರ ಮಾಡಿದ ಆನಾ ಗನ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದಿದ್ದಾರೆ, ಸ್ಕೈಲರ್ ಮೇಲಿನ ದ್ವೇಷ ತನ್ನ ಮೇಲೂ ತಿರುಗಿತ್ತು ಅಂತ. ನನ್ನನ್ನು ಕೇಳಿದರೆ ಚಿಂತೆ ಮಾಡಬೇಕಾದ್ದು ಇಲ್ಲಿ. ವಾಲ್ಟರ್ ಇಷ್ಟವಾಗಲಿ ಪರವಾಗಿಲ್ಲ, ಸ್ಕೈಲರ್‌ಳನ್ನು ಯಾಕೆ ಬೈತೀಯಾ ಅಂತ ಮಾತು ತೆಗೆಯಿರಿ.

ನ್ಯೂಜೆರ್ಸಿಯಿಂದ:
‘ದಿ ಸೊಪ್ರಾನೋಸ್’ ನಮ್ಮ ಈ ಕಡೆಯದೇ ಕಥೆ, ಶುರುವಿನ ಟೈಟಲ್‌ನಲ್ಲಿ ಬರುವ ಟರ್ನ್‌ಪೈಕ್ ಹೆದ್ದಾರಿ ಮೇಲೆ ನಾನೂ ಓಡಾಡ್ತೀನಿ. 1999ರ ಮೊದಲ ಸೀಸನ್ನಿನಲ್ಲೇ ನಾಯಕ ಟೋನಿ, ಒಬ್ಬ ಮಾಫಿಯಾ ಮುಖಂಡ, ಮಗಳಿಗೆ ಕಾಲೇಜು ತೋರಿಸಲು ಮೇನ್ ರಾಜ್ಯಕ್ಕೆ ಹೋದವನು, ದಾರಿಯಲ್ಲಿ ಸಿಕ್ಕ ಹಳೆಯ ಮಾಹಿತಿದಾರನ ಕತ್ತು ಬಿಗಿದು ಕೊಲ್ಲುತ್ತಾನೆ. ಮುಂಚೆಯೇ ಆ ಮಾಹಿತಿದಾರ ಟೋನಿಯನ್ನು ಮುಗಿಸಲು ಜನ ಹುಡುಕಿದ್ದನ್ನು ತೋರಿಸಿರುತ್ತಾರೆ, ಅದರಿಂದ ನಮಗೆ ಅಷ್ಟು ಹೇಸಿಗೆ ಆಗೋದಿಲ್ಲ. ಕೊಂದು ಮಗಳ ಮುಂದೆ ಒಳ್ಳೆಯ ಅಪ್ಪನಾಗಿ ಕೂರ್ತಾನೆ. ನಾನಂತೂ ಇಡೀ ಧಾರಾವಾಹಿಯನ್ನು ಟೋನಿಯ ಪರವಾಗಿಯೇ ನೋಡಿದೆ, 2007ರಲ್ಲಿ ಕೊನೆಗೆ ಬರುವಾಗ ಅವನ ಮನೋವೈದ್ಯೆ ಡಾ. ಮೆಲ್ಫಿ ಬಾಗಿಲು ಹಾಕಿಕೊಳ್ಳುವ ತನಕ. ಅವಳಿಗೆ ಅಷ್ಟು ವರ್ಷ ಬೇಕಾಯ್ತು, ನಿಮ್ಮ ಮಗನಿಗೂ ಸ್ವಲ್ಪ ಕಾಲ ಕೊಡಿ.

ಹುಬ್ಬಳ್ಳಿಯಿಂದ, ನಿವೃತ್ತ ಬ್ಯಾಂಕ್ ನೌಕರರು:
ನನ್ನ ಅಳಿಯನಿಗೆ ಇಂಗ್ಲಿಷ್ ಧಾರಾವಾಹಿ ಬೇಕಾಗಲಿಲ್ಲ, 2020ರ ‘ಸ್ಕ್ಯಾಮ್ 1992’ ಸಾಕಾಯ್ತು. ಶೇರು ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣ ಬಯಲಿಗೆಳೆದ ಪತ್ರಕರ್ತೆ ಸುಚೇತಾ ದಲಾಲ್ ಮತ್ತು ದೇಬಾಶಿಸ್ ಬಸು ಬರೆದ ಪುಸ್ತಕವೇ ಅದಕ್ಕೆ ಮೂಲ. ಆದರೆ ಹುಡುಗರ ಫೋನಿನಲ್ಲಿ ರಿಂಗ್‌ಟೋನ್ ಆದದ್ದು ಹರ್ಷದ್‌ನ ಸಂಗೀತ! ಬೆಂಬಲಕ್ಕೆ ಆಸ್ತಿಯೇ ಇಲ್ಲದ ಬ್ಯಾಂಕ್ ರಸೀದಿ ಅಂದರೆ ಏನು, ಆ ದುಡ್ಡು ಯಾರದ್ದು, ಶೇರು ಬಿದ್ದಾಗ ಕಳಕೊಂಡವರು ಯಾರು ಅಂತ ನಾನು ಹಾಳೆ ಮೇಲೆ ಬರೆದು ತೋರಿಸಿದೆ. ಅವತ್ತು ಅವನು ಕೇಳಿದ ಪ್ರಶ್ನೆಗಳು ಚೆನ್ನಾಗಿದ್ದವು. ಅಭಿಮಾನ ಪೂರ್ತಿ ಹೋಗಲಿಲ್ಲ, ಹೋಗಬೇಕಂತ ನಾನು ಹಟ ಹಿಡಿಯಲೂ ಇಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಮೈಸೂರಿನವರು ಹೇಳಿದ 5ನೇ ಕಂತು ಮೊದಲು ನೋಡ್ತೀವಿ. ಸ್ಕೈಲರ್ ಬಗ್ಗೆ ಮಾತು ತೆಗೆಯಲು ಯಾವ ಕಂತು?

ಬೆಂಗಳೂರಿನಿಂದ:
ಐದನೇ ಸೀಸನ್ನಿನ 4ನೇದು. ವಾಲ್ಟರ್‌ನ ಹುಟ್ಟುಹಬ್ಬದ ದಿನ ಸ್ಕೈಲರ್ ಬಟ್ಟೆ ಸಮೇತ ಈಜುಕೊಳಕ್ಕೆ ಇಳೀತಾಳೆ, ಮಕ್ಕಳನ್ನು ಆ ಮನೆಯಿಂದ ಹೇಗಾದರೂ ಹೊರಗೆ ಕಳಿಸಬೇಕು ಅಂತ. ಆಮೇಲೆ ರೂಮಿನಲ್ಲಿ ಗಂಡ ಹೆಂಡತಿಯ ಜಟಾಪಟಿ ಇದೆ. ಅದನ್ನು ನಡುವೆ ನಿಲ್ಲಿಸದೆ ಪೂರ್ತಿ ನೋಡಿ, ಮೊದಲು ಮಗನೇ ಮಾತಾಡಲಿ.